ಹಳೆ ಸಾಲಿಯ ಪಡಸಾಲೆ

ಚಿಕ್ಕೋಡಿಯಿಂದ ರಾಯಬಾಗದ ಕಡೆಗಾಗಲಿ ಅಥಣಿಯಿಂದ ಕಾಗವಾಡದ ಕಡೆಗಾಗಲಿ ಹೊರಟವನು, ಪೇಟೆಯ ಗದ್ದಲವನ್ನು ಹಿಂದಿಟ್ಟು ಹಳೆಯ ಊರಿನ ಓಣಿಗಳಲ್ಲಿ ತುಸು ನಡೆದನಾದರೆ, ಕರಿಗಲ್ಲಿನ ಗೋಡೆಯೂ ಮಂಗಳೂರು ಹಂಚಿನ ಚಾವಣಿಯೂ ಮುಂಬದಿಗೆ ಉದ್ದನೆಯ ಪಡಸಾಲೆಯೂ ಉಳ್ಳ, ಬಾಗಿಲಿಗೆ ಬೀಗ ಬಿದ್ದ ಕಟ್ಟಡವೊಂದನ್ನು ಕಾಣುವುದುಂಟು. ಏನೆಂದು ಕೇಳಿದರೆ, "ಅದು ಹಳೆ ಸಾಲಿರೀ" ಎಂಬ ಉತ್ತರ ಬರುತ್ತದೆ.

ಈ ಸೀಮೆಯ ವಿದ್ಯಾಭ್ಯಾಸದ ಇತಿಹಾಸವು ಒಂದೇ ಆಳ್ವಿಕೆಯದಲ್ಲ. ಚಿಕ್ಕೋಡಿ, ಅಥಣಿ ತಾಲೂಕುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿ 1855ರಲ್ಲಿ ಶಿಕ್ಷಣ ಖಾತೆಯು ಸ್ಥಾಪಿತವಾದ ತರುವಾಯ, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದ ಗಾಂವಠಿ ಸಾಲೆಗಳ ಸ್ಥಾನಕ್ಕೆ, ಪಾಟಿ, ಹಾಜರಿ, ತಪಾಸಣೆಗಳುಳ್ಳ ಸರ್ಕಾರಿ ಶಾಲೆಗಳು ಮೆಲ್ಲಮೆಲ್ಲನೆ ಬಂದವು. ರಾಯಬಾಗವಾದರೋ 1949ರ ವರೆಗೆ ಕೊಲ್ಹಾಪುರ ಸಂಸ್ಥಾನದ್ದು. ಶಾಹೂ ಮಹಾರಾಜರು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿ, ಮಕ್ಕಳನ್ನು ಶಾಲೆಗೆ ಕಳುಹದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡವನ್ನು ವಿಧಿಸಿದರು. 1919ರಲ್ಲಿ ಅಸ್ಪೃಶ್ಯರಿಗೆಂದು ಪ್ರತ್ಯೇಕವಾಗಿದ್ದ ಶಾಲೆಗಳನ್ನು ಮುಚ್ಚಿಸಿ, ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯತಕ್ಕದ್ದೆಂದು ಆಜ್ಞಾಪಿಸಿದರು. ನನ್ನ ದೃಷ್ಟಿಯಲ್ಲಿ ಈ ಎರಡನೆಯ ಆಜ್ಞೆಯೇ ಹಿರಿದು. ಬಾಲ್ಯದಲ್ಲಿ ಸಾತಾರದ ಶಾಲೆಯೊಳಗೆ, ಮನೆಯಿಂದ ತಾವೇ ಒಯ್ದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತು ಕಲಿತಿದ್ದ ಡಾ. ಅಂಬೇಡ್ಕರರು 1925ರ ಏಪ್ರಿಲಿನಲ್ಲಿ ಇದೇ ಸೀಮೆಯ ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ಬಹಿಷ್ಕೃತ ಪರಿಷತ್ತಿನ ಅಧ್ಯಕ್ಷತೆಯನ್ನು ವಹಿಸಿದರೆಂಬುದನ್ನು ನೆನೆದಾಗ, ಶಾಲೆಯಲ್ಲಿ ಯಾರು ಎಲ್ಲಿ ಕೂಡಬೇಕೆಂಬ ಪ್ರಶ್ನೆಯು ಈ ನಾಡಿಗೆ ಎಷ್ಟು ಸಮೀಪದ್ದಾಗಿತ್ತೆಂಬುದು ತಿಳಿದುಬರುತ್ತದೆ.

ಅಂತಹ ಒಂದು ಕಟ್ಟಡದೊಳಗೆ, ಕೀಲಿ ಇಟ್ಟುಕೊಂಡ ಹಿರಿಯರನ್ನು ಕರೆದುಕೊಂಡು ಹೊಕ್ಕಿದ್ದೆನು. ಹಿಂಬದಿಯಲ್ಲಿ ಹೊಸ ಕೊಠಡಿಗಳೆದ್ದ ಮೇಲೆ ಇದು ಬರಿದಾಯಿತಂತೆ. ಹೊಸ್ತಿಲಿನ ಕಲ್ಲು ನಟ್ಟನಡುವೆ ಬಟ್ಟಲಿನಂತೆ ಸವೆದಿತ್ತು. ತೊಲೆಯಿಂದ ತಂತಿಯಲ್ಲಿ ತೂಗುತ್ತಿದ್ದ ರೈಲುಹಳಿಯ ತುಂಡನ್ನು ಹಿರಿಯರು ಕಲ್ಲಿನಿಂದ ಮೆಲ್ಲನೆ ತಟ್ಟಿದರು. ಚಾವಣಿಯ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಗೋಡೆಯಲ್ಲೇ ಗಿಲಾಯಿ ಮಾಡಿ ಕಪ್ಪು ಬಳಿದಿದ್ದ ಹಲಗೆಗೂ ಪಡಸಾಲೆಗೂ ನಡುವೆ ಒಂದು ಕಿಟಕಿ. ಅದರ ಆಚೆ, ಪಡಸಾಲೆಯ ಫರಸಿಯ ಮೇಲೆ ಕುಳಿತು ನೋಡಿದೆನು: ಹಲಗೆಯ ಅರ್ಧ ಮಾತ್ರ ಕಾಣುತ್ತಿತ್ತು.

ಇಲ್ಲಿ ಯಾರಾದರೂ ಹಾಗೆ ಪಡಸಾಲೆಯಲ್ಲಿ ಬೇರೆಯಾಗಿ ಕುಳಿತು ಕಲಿತರೋ, ಯಾವ ಓಣಿಯ ಮಗು ಯಾವ ವರ್ಷ ಮೊದಲು ಒಳಗೆ ಬಂದಿತೋ ಎಂಬುದಕ್ಕೆ ಸುಳಿವು ದೊರೆಯುವುದಾದರೆ ಅದು ಶಾಲೆಯ ಜನರಲ್ ರಜಿಸ್ಟರಿನಲ್ಲಿ. ಮಗುವಿನ ಹೆಸರು, ಜಾತಿ, ಜನ್ಮದಿನಾಂಕ, ಸೇರಿದ ದಿನ, ಬಿಟ್ಟ ದಿನ ಎಲ್ಲವನ್ನೂ ಹೊತ್ತ ಆ ದಪ್ಪ ಪುಸ್ತಕವು, ಜನ್ಮದಾಖಲೆ ಬೇಡಿ ಬಂದವರಿಗಾಗಿ ಮಾತ್ರ ಕಪಾಟಿನಿಂದ ಹೊರಬರುತ್ತದೆ. ಶಿಥಿಲವಾದ ಗೋಡೆಯನ್ನು ಕೆಡಹುವುದು ಅನಿವಾರ್ಯವಾದರೆ ಕೆಡಹಲಿ. ಅದಕ್ಕೆ ಮೊದಲು ಊರಿನವರೂ ಶಾಲೆಯ ಗುರುಗಳೂ ಕೂಡಿ ಆ ರಜಿಸ್ಟರುಗಳನ್ನು ಗೆದ್ದಲು, ನೀರು ಮುಟ್ಟದಂತೆ ಎತ್ತಿಡಬೇಕು, ಪುಟಪುಟದ ಚಿತ್ರವನ್ನು ತೆಗೆಸಿಡಬೇಕು ಎಂದು ಬೇಡಿಕೊಳ್ಳುತ್ತೇನೆ.