ತಾಮ್ರದ ತಗಡಿನಲ್ಲಿ ಶ್ರೀರಂಗಪಟ್ಟಣದ ಪತನ

ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣ ಬ್ರಿಟಿಷರ ದಾಳಿಗೆ ಬಿದ್ದದ್ದು 1799ರ ಮೇ 4ರಂದು. ಮರುವರ್ಷವೇ ಲಂಡನ್ನಿನ ಜನ ದುಡ್ಡು ಕೊಟ್ಟು ಅದನ್ನು ಚಿತ್ರದಲ್ಲಿ ನೋಡಿದರು. ರಾಬರ್ಟ್ ಕರ್ ಪೋರ್ಟರ್ ಎಂಬ ತರುಣ ಸುಮಾರು 120 ಅಡಿ ಉದ್ದದ ಪಟದಲ್ಲಿ ಕೋಟೆಗೆ ಲಗ್ಗೆ ಹಾಕಿದ ದೃಶ್ಯ ಬರೆದಿದ್ದ. ಭಾರತವನ್ನು ಅವನು ಕಂಡೇ ಇರಲಿಲ್ಲ. ಆ ಪಟ ಇಂದು ಉಳಿದಿಲ್ಲ; ಜಿಯೊವಾನಿ ವೆಂಡ್ರಮಿನಿ 1802–03ರಲ್ಲಿ ಅದನ್ನು ನೋಡಿ ತಾಮ್ರದಲ್ಲಿ ಕೊರೆದ ಮುದ್ರಣಚಿತ್ರಗಳು ಉಳಿದಿವೆ.

ಕ್ಯಾಮೆರಾ ಹುಟ್ಟುವ ಮೊದಲು ದೂರದೂರಿನ ದುರಂತ ಮನೆಮನೆಗೆ ಮುಟ್ಟುತ್ತಿದ್ದುದು ಹೀಗೆ. ತಗಡಿನ ಮೇಲೆ ಗೆರೆ, ಚುಕ್ಕಿ ಕೊರೆದು, ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹೊದಿಸಿ ಯಂತ್ರದಲ್ಲಿ ಒತ್ತಿದರೆ ಕುಳಿಗಳ ಶಾಯಿ ಕಾಗದಕ್ಕೆ ಏರುತ್ತದೆ. ಚಿತ್ರ ಎಡಬಲ ಅದಲುಬದಲಾಗಿ ಮೂಡುವುದರಿಂದ ಕೊರೆಯುವಾಗಲೇ ತಿರುವುಮುರುವಾಗಿ ಕೊರೆಯಬೇಕು. ಅಕ್ವಾಟಿಂಟ್ ವಿಧಾನದಲ್ಲಿ ರಾಳದ ಪುಡಿ ಅಂಟಿಸಿದ ತಗಡನ್ನು ಆಮ್ಲದಲ್ಲಿ ಅದ್ದುತ್ತಾರೆ. ಪುಡಿಯ ಸಂದಿಯಲ್ಲಿ ತಾಮ್ರ ಸವೆದು ಜಲವರ್ಣದಂಥ ನೆರಳು ಬರುತ್ತದೆ. ಮೋಡಕ್ಕೂ ಹೊಗೆಗೂ ಹೇಳಿ ಮಾಡಿಸಿದ್ದು.

ಪೋರ್ಟರ್‌ನಂತಲ್ಲದೆ, ರಾಬರ್ಟ್ ಹೋಮ್ ಅದಕ್ಕೂ ಹಿಂದಿನ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್‌ನ ಸೇನೆಯ ಜೊತೆಗೇ ಬಂದು ಚಿತ್ರ ಬರೆದವನು. 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೈಸೂರು ದೃಶ್ಯಗಳ ಪುಸ್ತಕದಲ್ಲಿ ಬೆಂಗಳೂರಿನ ಕೋಟೆ, ಅರಮನೆಗಳಿವೆ. ಆ ಕುಸುರಿಗೆ ನಾನು ಮನಸೋತಿದ್ದೇನೆ. ಆದರೆ ಊರೊಂದು ಹಾಳಾದಾಗ ಊರಿನವರಿಗೆ ಏನಾಯಿತೆಂದು ಇಂಥ ಚಿತ್ರಗಳನ್ನು ಕೇಳಿದರೆ ಉತ್ತರ ಸಿಗದು. ಪೋರ್ಟರ್‌ನ ಚಿತ್ರದ ನಡುವೆ ನಿಂತವನು ದಾಳಿಯ ನಾಯಕ ಬೇರ್ಡ್. ಪಟ್ಟಣ ಬಿದ್ದ ರಾತ್ರಿ ಸೂರೆಹೋಗದ ಮನೆ ಇರಲಿಲ್ಲವೆಂಬಷ್ಟು ಲೂಟಿ ನಡೆದದ್ದನ್ನು, ಮರುದಿನ ಪಟ್ಟಣದ ಹೊಣೆ ಹೊತ್ತ ಆರ್ಥರ್ ವೆಲ್ಲೆಸ್ಲಿಯೇ ಕಾಗದದಲ್ಲಿ ಬರೆದ. ಆ ಮನೆಗಳಿಗೆ ಚಿತ್ರದಲ್ಲಿ ಜಾಗ ಸಿಗಲಿಲ್ಲ.

ನಮ್ಮ ಪಿರಿಯಾಪಟ್ಟಣಕ್ಕಂತೂ ಹೆಸರಾದ ಚಿತ್ರವೇ ಇಲ್ಲ. 1791ರಲ್ಲಿ ಬ್ರಿಟಿಷ್ ಸೇನಾನಿ ಅಬರ್‌ಕ್ರಾಂಬಿಯ ಮುಂಬಯಿ ಸೇನೆ ಕೊಡಗಿನ ದಾರಿಯಾಗಿ ಇಲ್ಲಿಗೆ ಬಂದಿತ್ತು. ಆ ಕಾಲದ ಯುದ್ಧಗಳಲ್ಲಿ ಇಲ್ಲಿನ ಕೋಟೆ ನೆಲಕಚ್ಚಿತು. 1800ರಲ್ಲಿ ಈ ಸೀಮೆ ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್, ಪಾಳುಕೋಟೆಯಲ್ಲಿ ಹುಲಿಗಳು ನೆಲೆಸಿವೆ, ಹಾಡಹಗಲಲ್ಲೂ ಒಬ್ಬಂಟಿಯಾಗಿ ಕಾಲಿಡಲು ಜನ ಅಂಜುತ್ತಾರೆ ಎಂದು ದಾಖಲಿಸಿದ್ದಾನೆ. ರಾಜಧಾನಿಯ ಪತನ ಮಾರಾಟದ ಸರಕಾಯಿತು. ಗಡಿಯ ಪಟ್ಟಣದ ಪಾಡು ಒಬ್ಬ ಪ್ರವಾಸಿಯ ಪುಟದಲ್ಲಿ ಮುಗಿಯಿತು.

ಶ್ರೀರಂಗಪಟ್ಟಣದ ದರಿಯಾ ದೌಲತ್ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ಚಿತ್ರಗಳಿವೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಶಾಲೆಗಳು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ಚಿತ್ರ ಯಾರು ಬರೆದರು, ಯಾರಿಗಾಗಿ ಬರೆದರು, ಯಾರನ್ನು ಬಿಟ್ಟರು ಎಂದು ಕೇಳುವುದನ್ನು ಕಲಿಸಲಿ. ಹಾಗೆ ಕೇಳಿ ಬೆಳೆದವರು ತಮ್ಮೂರಿನ ಕೋಟೆಯ ಕಥೆಯನ್ನೂ ಬರೆದಾರು.