ಹೊಳೆಯಾಚೆಯ ತಪ್ಪೊಪ್ಪಿಗೆ

ಆದೋನಿಯಿಂದ ರಾಯಚೂರಿಗೆ ಹೋಗುವವರು ಮಾಧವರಂ ಬಳಿ ತುಂಗಭದ್ರೆ ದಾಟುತ್ತಾರೆ. 1800ರಲ್ಲಿ ನಿಜಾಮ ಆದೋನಿಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಈ ಹೊಳೆಯೇ ಗಡಿಯಾಯಿತು. ದಾರಿಹೋಕರ ಕೊರಳಿಗೆ ಉರುಲು ಬಿಗಿಯುವ ಥಗ್ಗರಿಗೆ ಗಡಿಯ ಹಂಗಿರಲಿಲ್ಲ. 1816ರಲ್ಲಿ ಮದ್ರಾಸಿನ ವೈದ್ಯ ರಿಚರ್ಡ್ ಶೆರ್ವುಡ್ ಇವರ ಬಗ್ಗೆ ಬರೆದಾಗ ಕನ್ನಡದ ಹೆಸರನ್ನೂ ದಾಖಲಿಸಿದ: ತಂತಿ ಕಳ್ಳರು.

ಹೊಳೆಯಾಚೆ ನಿಜಾಮನ ಚಾಕರಿಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಮುಂದೆ ಸುರಪುರದ ಆಡಳಿತ ನೋಡಿಕೊಂಡವನು. ಮಧ್ಯಭಾರತದ ಸಾಗರ್‌ನಿಂದ ಬಂದ ಮಾಫಿ ಸಾಕ್ಷಿಯೊಬ್ಬ ತನಗೆ 1832ರಲ್ಲಿ ಪರಿಚಯವಾದನೆಂದೂ 719 ಕೊಲೆಗಳ ಲೆಕ್ಕ ಒಪ್ಪಿಸಿದನೆಂದೂ ಆತ ಹೇಳುತ್ತಾನೆ. ಆ ಲೆಕ್ಕವೇ 1839ರಲ್ಲಿ ಮೂರು ಸಂಪುಟಗಳ ಕಾದಂಬರಿಯಾಯಿತು, 'ಕನ್ಫೆಷನ್ಸ್ ಆಫ್ ಎ ಥಗ್'. ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ ತನ್ನ ಮೊದಲ ಪತ್ತೇದಾರಿ ಕಥೆ ಪ್ರಕಟಿಸಿದ್ದು ಅದಾದ ಎರಡು ವರ್ಷಕ್ಕೆ, 1841ರಲ್ಲಿ.

ಕಾದಂಬರಿಯಲ್ಲಿ ಕೊಲೆಯ ಸಂಕೇತ ತಂಬಾಕು ತರಲು ಹೇಳುವುದು. ಎಲೆ, ತಂಬಾಕು ಕೇಳಿ ಪಕ್ಕದಲ್ಲಿ ಕೂರುವುದು ನಮ್ಮ ಸೀಮೆಯಲ್ಲಿ ಇಂದಿಗೂ ಗೆಳೆತನದ ಮೊದಲ ಮಾತು. ಓದುವಾಗ ಎದೆ ಝಲ್ಲೆನ್ನುವುದು ಅದಕ್ಕೇ.

ಪತ್ತೇದಾರಿ ಕಥೆಯೊಳಗೆ ಎರಡು ಕಥೆಗಳಿರುತ್ತವೆ, ಒಂದು ಅಪರಾಧದ್ದು, ಇನ್ನೊಂದು ತನಿಖೆಯದು ಎಂದು ಸಾಹಿತ್ಯ ಚಿಂತಕ ತ್ವೆತಾನ್ ತೊದೊರೊವ್ 1966ರಲ್ಲಿ ವಿವರಿಸಿದ. ಟೇಲರ್‌ನ ಈ ಕೃತಿಯಲ್ಲಿ ಅಪರಾಧದ ಕಥೆ ನಿರೂಪಕ ಥಗ್ ಅಮೀರ್ ಅಲಿಯ ಬಾಯಲ್ಲಿ ಧಾರಾಳವಾಗಿ ಹರಿಯುತ್ತದೆ. ತನಿಖೆಯ ಕಥೆ ಮರೆಯಲ್ಲಿ ಕೂತಿದೆ. ಅಮೀರ್ ಅಲಿಯ ಎದುರು ಕೂತ 'ಸಾಹೇಬ' ಬರಿದೇ ಕೇಳಿಸಿಕೊಳ್ಳುವವನಂತೆ ಕಾಣುತ್ತಾನೆ, ಆದರೆ ಅವನ ಹಿಂದೆ 1836ರ ಕಾನೂನು ನಿಂತಿದೆ: ಥಗ್ಗರ ಗುಂಪಿಗೆ ಸೇರಿದವನೆಂದು ರುಜುವಾತಾದರೆ ಸಾಕು, ಜೀವಾವಧಿ. ಹೇಳುವವನು ಜೀವ ಉಳಿಸಿಕೊಳ್ಳಲು ಹೇಳುತ್ತಿದ್ದಾನೆ. ವಿಮರ್ಶಕ ಎಡ್ವರ್ಡ್ ಸೈದ್ ತೋರಿಸಿಕೊಟ್ಟ ವಸಾಹತು ಕಣ್ಣು, ಆಳುವವನು ಆಳಿಸಿಕೊಳ್ಳುವವನನ್ನು ನೋಡುವ ಬಗೆ, ಇಲ್ಲಿ ಸಾಹೇಬನ ಮೌನದಲ್ಲಿದೆ.

ಆದರೂ ಆ ಒಂದು ಓದಿಗೆ ಈ ಕೃತಿ ಪೂರ್ತಿ ಸಿಗುವುದಿಲ್ಲ. ತಾನು ಕೊಂದ ಹೆಂಗಸಿನ ಕೊರಳಿನ ಹಳೆಯ ನಾಣ್ಯದಿಂದ, ಅವಳು ತನ್ನ ಒಡಹುಟ್ಟಿದವಳೆಂದು ಅಮೀರ್ ಅಲಿಗೆ ತಿಳಿಯುತ್ತದೆ. ಪೊಲೀಸರಿಗೆ ಬೇಕಾದ ಹೇಳಿಕೆ ಅಲ್ಲಿಗೆ ಮುಗಿದು ಕಾದಂಬರಿ ಹುಟ್ಟುತ್ತದೆ. ರಷ್ಯದ ಚಿಂತಕ ಬಖ್ತಿನ್ ಹೇಳುವ ಬಹುದನಿ, ಒಂದೇ ಕೃತಿಯೊಳಗಿನ ಹಲವು ದನಿಗಳು, ನನಗೆ ಕೇಳಿಸುವುದೂ ಅಲ್ಲೇ.

ಗುಂಪನ್ನೇ ಅಪರಾಧಿ ಎನ್ನುವ 1836ರ ಕಾನೂನಿನ ತರ್ಕ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಗೂ ಹರಿಯಿತು. 1911ರ ನಂತರ ಮದ್ರಾಸ್ ಪ್ರಾಂತ್ಯದ ಕೊರಚ, ಎರುಕಲ ಕುಟುಂಬಗಳನ್ನೂ ಅದು ಹಿಡಿಯಿತು. ದೇಶದಾದ್ಯಂತ ಅದು ರದ್ದಾದದ್ದು 1952ರಲ್ಲಿ. ಈ ಕಾದಂಬರಿ ಕೈಗೆ ಸಿಕ್ಕರೆ, ಸಾಹೇಬನ ಪ್ರಶ್ನೆಗಳ ಕೆಳಗೂ ಗೆರೆ ಎಳೆದುಕೊಂಡು ಓದಿ.