ತಪಸ್ಸುಕಾಲ ಮತ್ತು ಪರರಿಗೆ ಬೆಳಕಾಗುವ ಬಾಳು

ಕ್ರೈಸ್ತರ ಪಂಚಾಂಗದಲ್ಲಿ ಪುನರುತ್ಥಾನದ ಹಬ್ಬಕ್ಕೆ ಮುನ್ನ ನಲವತ್ತು ದಿನಗಳ ವ್ರತಕಾಲವೊಂದುಂಟು. ಇಂಗ್ಲಿಷರು ಇದನ್ನು ಲೆಂಟ್ ಎನ್ನುವರು. ಕನ್ನಡ ಕಥೋಲಿಕರು ತಪಸ್ಸುಕಾಲವೆಂದು ಕರೆಯುವರು. ಪಶ್ಚಿಮದ ಸಂಪ್ರದಾಯದಲ್ಲಿ ಇದು ಬೂದಿ ಬುಧವಾರದಂದು, ಹಣೆಗೆ ಬೂದಿಯನ್ನಿಡುವ ವಿಧಿಯೊಡನೆ ಆರಂಭವಾಗುತ್ತದೆ. ಅಂದಿನಿಂದ ಹಬ್ಬದ ಹಿಂದಿನ ದಿನದವರೆಗೆ ಎಣಿಸಿದರೆ ೪೬ ದಿನಗಳಾಗುವುವು. ನಡುವಣ ಆರು ಭಾನುವಾರಗಳು ಉತ್ಸವದ ದಿನಗಳಾದುದರಿಂದ ಅವು ಉಪವಾಸದ ಲೆಕ್ಕಕ್ಕೆ ಸೇರವು. ಯೇಸುಸ್ವಾಮಿಯು ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದುದರ ಸ್ಮರಣೆಯಿದು. ಪ್ರಾರ್ಥನೆ, ಉಪವಾಸ, ದಾನ ಎಂಬ ಮೂರು ಇದರ ಅಂಗಗಳು.

ಇಲ್ಲಿ ವಿಚಾರವಂತರಿಗೆ ಒಂದು ಸಂದೇಹವುಂಟಾಗುವುದು ಸಹಜ. ಮತ್ತಾಯನ ಸುವಾರ್ತೆಯ ೫ನೆಯ ಅಧ್ಯಾಯವು ಶಿಷ್ಯರನ್ನು ಲೋಕಕ್ಕೆ ಬೆಳಕೆಂದು ಹೇಳಿ, ಹೊತ್ತಿಸಿದ ದೀಪವನ್ನು ಮರೆಯಲ್ಲಿಡಬಾರದೆಂದು ಬೋಧಿಸುತ್ತದೆ. ಅದರ ಮುಂದಿನ ಅಧ್ಯಾಯವೇ ದಾನ, ಪ್ರಾರ್ಥನೆ, ಉಪವಾಸಗಳನ್ನು ಜನರೆದುರು ಮೆರೆಸಬಾರದೆಂದು ಎಚ್ಚರಿಸುತ್ತದೆ. ಕಾಣುವಂತೆ ಬಾಳಬೇಕು, ಆದರೆ ತೋರಿಸಿಕೊಳ್ಳಕೂಡದು. ಇವೆರಡೂ ಒಂದೆಡೆ ಹೇಗೆ ನಿಲ್ಲಬಲ್ಲವು? ಇದಕ್ಕೆ ಉತ್ತರವನ್ನು ತರ್ಕದಲ್ಲಿ ಹುಡುಕುವುದಕ್ಕಿಂತ ಇತಿಹಾಸದ ಒಂದು ತಪಸ್ಸುಕಾಲದಲ್ಲಿ ಹುಡುಕುವುದು ಲೇಸೆಂದು ನಮಗೆ ತೋರುತ್ತದೆ.

ಕ್ರಿಸ್ತಶಕ ೩೮೭ನೆಯ ವರ್ಷ. ಸಿರಿಯದ ಅಂತಿಯೋಕ್ಯ ನಗರ. ಇಂದು ತುರ್ಕಿ ದೇಶಕ್ಕೆ ಸೇರಿ, ೨೦೨೩ರ ಫೆಬ್ರವರಿಯ ಭೂಕಂಪದಲ್ಲಿ ಬಹುವಾಗಿ ಹಾಳಾದ ಅಂತಾಕ್ಯವೇ ಅದು. ರೋಮನ್ ಸಾಮ್ರಾಜ್ಯದ ಮಹಾನಗರಗಳಲ್ಲಿ ಅದೂ ಒಂದಾಗಿತ್ತು. ಚಕ್ರವರ್ತಿ ಥಿಯೊಡೋಸಿಯಸನು ಹೊಸದೊಂದು ತೆರಿಗೆಯನ್ನು ವಿಧಿಸಿದಾಗ ಜನರು ರೊಚ್ಚಿಗೆದ್ದರು. ಚಕ್ರವರ್ತಿಯ ಮತ್ತು ಅವನ ಮನೆಯವರ ಪ್ರತಿಮೆಗಳನ್ನು ಕೆಡವಿ ಬೀದಿಯಲ್ಲಿ ಎಳೆದಾಡಿದರು. ಅವುಗಳಲ್ಲಿ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಮಹಾರಾಣಿಯ ಪ್ರತಿಮೆಯೂ ಇದ್ದಿತು. ರೋಷವಿಳಿದ ಮೇಲೆ ಭಯವು ಹತ್ತಿತು. ಸಾಮ್ರಾಟನ ಪ್ರತಿಮೆಗೆ ಅಪಮಾನ ಮಾಡುವುದು ರಾಜದ್ರೋಹ. ಇಡೀ ಊರನ್ನೇ ನಿರ್ಮೂಲ ಮಾಡುವರೆಂಬ ವದಂತಿ ಹಬ್ಬಿತು. ಅಧಿಕಾರಿಗಳು ಕೆಲವರನ್ನು ಕ್ರೂರವಾಗಿ ಕೊಲ್ಲಿಸಿದರು. ಅನೇಕರು ಮನೆಮಠ ಬಿಟ್ಟು ಬೆಟ್ಟಗಾಡುಗಳಿಗೆ ಓಡಿದರು.

ವ್ರತಕಾಲವು ಬಂದುದು ಈ ಸಂಕಟದ ನಡುವೆ. ಅಲ್ಲಿಯ ಧರ್ಮಾಧ್ಯಕ್ಷ ಫ್ಲೇವಿಯನನು ವಯೋವೃದ್ಧ, ಕಾಲ ಚಳಿಗಾಲ, ಅವನ ಸೋದರಿಯು ಮರಣಶಯ್ಯೆಯಲ್ಲಿದ್ದಳು. ಆದರೂ ಅವನು ಊರಿನ ಪರವಾಗಿ ಕ್ಷಮೆ ಬೇಡಲು ಬಹುದೂರದ ರಾಜಧಾನಿ ಕಾನ್‌ಸ್ಟಾಂಟಿನೋಪಲಿಗೆ ಹೊರಟನು.

ಊರಿನಲ್ಲಿ ಉಳಿದವರಿಗೆ ಧೈರ್ಯ ಹೇಳುವ ಭಾರವು ಯೋಹಾನನೆಂಬ ಗುರುವಿನ ಮೇಲೆ ಬಿತ್ತು. ಅವನು ದೀಕ್ಷೆ ಪಡೆದು ಒಂದೇ ವರ್ಷವಾಗಿದ್ದಿತು. ಮುಂದೆ ವಾಕ್ಪಟುತ್ವದಿಂದಾಗಿ ಕ್ರಿಸೋಸ್ತೋಮ, ಎಂದರೆ ಚಿನ್ನದ ಬಾಯಿಯವನು, ಎಂದು ಲೋಕವಿಖ್ಯಾತನಾದವನು ಇವನೇ. ಆ ದಿನಗಳ ಅವನ ಉಪನ್ಯಾಸಗಳು ಇಂದಿಗೂ ಉಳಿದಿವೆ. ಪೇಟೆ ಬರಿದಾಗಿ ದೇವಾಲಯ ತುಂಬಿದುದನ್ನು ಅವನು ಕಂಡನು. ಬಂದವರಿಗೆ ಸಾಂತ್ವನ ಹೇಳಿದನಾದರೂ ಹೊಗಳಲಿಲ್ಲ. ಬಾಯಿಗೆ ಮಾಂಸವನ್ನು ತೋರಿಸದೆ, ನೆರೆಯವನ ಮಾನವನ್ನು ಅಗಿಯುತ್ತಿದ್ದರೆ ಅದು ಉಪವಾಸವಲ್ಲವೆಂದನು. ಎಷ್ಟು ವಾರ ಉಪವಾಸವಿದ್ದಿರಿ ಎಂದು ಪರಸ್ಪರ ಕೇಳಿಕೊಳ್ಳುವುದು ಆ ಊರ ರೂಢಿ. ಕೇಳಬೇಕಾದ ಪ್ರಶ್ನೆ ಅದಲ್ಲ, ಹಗೆಯೊಡನೆ ರಾಜಿಯಾದಿರಾ, ಚಾಡಿಯನ್ನು ಬಿಟ್ಟಿರಾ ಎಂಬುದೇ ಪ್ರಶ್ನೆ ಎಂದು ಅವನು ತಿದ್ದಿದನು.

ವಿಶೇಷವಾಗಿ ಅವನು ಹಿಡಿದುಕೊಂಡ ದುರಭ್ಯಾಸ ಒಂದೇ: ಮಾತುಮಾತಿಗೆ ಆಣೆಯಿಡುವುದು. ಇಷ್ಟು ದೊಡ್ಡ ವಿಪತ್ತಿನಲ್ಲಿ ಇದೇನು ಅಲ್ಪವಿಷಯವೆಂದು ನಮಗೆನಿಸಬಹುದು. ಆದರೆ ಅವನ ನಿದರ್ಶನವನ್ನು ನೋಡಿ. ಮನೆಯ ಯಜಮಾನಿ ದಾಸಿಯನ್ನು ಹೊಡೆಸಿಯೇ ತೀರುವೆನೆಂದು ಆಣೆಯಿಡುವಳು. ಯಜಮಾನನು ಹೊಡೆಯಗೊಡೆನೆಂದು ಆಣೆಯಿಡುವನು. ಇಬ್ಬರಲ್ಲಿ ಒಬ್ಬರ ಮಾತು ಸುಳ್ಳಾಗಲೇಬೇಕು; ಪೆಟ್ಟು ಬೀಳುವುದಾದರೆ ಬಡವಳ ಮೇಲೆ. ಬೀದಿಯಲ್ಲಿ ಪ್ರತಿಮೆಗಳನ್ನುರುಳಿಸಿದ ರೋಷವು ಮನೆಯಲ್ಲಿ ಹೀಗೆ ದಿನವೂ ಬೆಳೆಯುತ್ತಿದ್ದುದೇ ಅಲ್ಲವೆ? ಊರು ಬೆಳಕಾಗಬೇಕಾದರೆ ಮನೆಯ ಜಗಲಿಯಿಂದಲೇ ಆರಂಭವಾಗಬೇಕು. ಇಲ್ಲವಾದರೆ ದೀಪದ ಬುಡದಲ್ಲಿಯೇ ಕತ್ತಲೆ.

ಅಷ್ಟರಲ್ಲಿ ವಿಚಾರಣೆಗೆಂದು ಕೈಸಾರಿಯಸ್ ಮತ್ತು ಹೆಲ್ಲೆಬಿಕಸ್ ಎಂಬ ಇಬ್ಬರು ರಾಜಪ್ರತಿನಿಧಿಗಳು ಬಂದರು. ಸ್ನಾನಗೃಹ, ನಾಟಕಶಾಲೆಗಳು ಮುಚ್ಚಲ್ಪಟ್ಟವು, ಪುರಪ್ರಮುಖರು ಸೆರೆಯಾದರು. ಊರವರು ಬೆಟ್ಟಕ್ಕೆ ಓಡುತ್ತಿದ್ದಾಗ ಬೆಟ್ಟದಲ್ಲಿದ್ದ ಸಂನ್ಯಾಸಿಗಳು ಊರಿಗೆ ಇಳಿದು ಬಂದರು. ಅವರಲ್ಲಿ ಮಾಸಿದೋನಿಯಸನೆಂಬವನು ಅಕ್ಷರವರಿಯದವನು. ಗ್ರೀಕ್ ಭಾಷೆಯೂ ಬಾರದು. ಅವನು ಪ್ರತಿನಿಧಿಗಳನ್ನು ನಡುದಾರಿಯಲ್ಲಿ ತಡೆದು ಕುದುರೆಯಿಂದ ಇಳಿಯಹೇಳಿದನು. ಕಂಚಿನ ಪ್ರತಿಮೆಯನ್ನು ಮತ್ತೆ ಎರಕ ಹೊಯ್ಯಬಹುದು. ದೇವರ ಜೀವಂತ ಪ್ರತಿಮೆಯಾದ ಮನುಷ್ಯನನ್ನು ಕೊಂದರೆ ಅವನ ಒಂದು ಕೂದಲನ್ನಾದರೂ ಚಕ್ರವರ್ತಿಯು ಮರಳಿ ಕೊಡಲಾರನೆಂಬುದು ಅವನ ವಾದದ ಸಾರ. ಪ್ರತಿನಿಧಿಗಳು ಶಿಕ್ಷೆಯನ್ನು ತಡೆದರು. ಕೈಸಾರಿಯಸನು ತಾನೇ ರಾಜಧಾನಿಗೆ ಧಾವಿಸಿ ವಿಜ್ಞಾಪಿಸಿಕೊಂಡನು.

ಅರಮನೆಯಲ್ಲಿ ಫ್ಲೇವಿಯನನು ದೂರದಲ್ಲಿಯೇ ಕಣ್ಣೀರಿಡುತ್ತ ಮೌನವಾಗಿ ನಿಂತನೆಂದು ಯೋಹಾನನು ವರ್ಣಿಸಿದ್ದಾನೆ. ಊರಿನ ತಪ್ಪನ್ನು ಅವನು ಅಲ್ಲಗಳೆಯಲಿಲ್ಲ. ಅನ್ಯಮತದವರೆಲ್ಲರೂ ಈ ತೀರ್ಪನ್ನು ನೋಡುತ್ತಿರುವರು, ಶಿಕ್ಷಿಸಬಲ್ಲವನು ಕ್ಷಮಿಸಿದರೆ ಅವನ ಧರ್ಮದ ಹಿರಿಮೆಯು ತಾನಾಗಿಯೇ ತಿಳಿಯುವುದೆಂದು ಬಿನ್ನವಿಸಿದನು. ಚಕ್ರವರ್ತಿಯು ಕ್ಷಮಿಸಿದನು. ಹಬ್ಬದ ಹೊತ್ತಿಗೆ ವೃದ್ಧನು ಊರು ಸೇರಿದನು, ಸೋದರಿಯೂ ಬದುಕಿದ್ದಳು.

ಒಂದು ಮಾತನ್ನು ಮರೆಮಾಡಬಾರದು. ಮೂರೇ ವರ್ಷಗಳ ತರುವಾಯ, ೩೯೦ರಲ್ಲಿ, ಇದೇ ಥಿಯೊಡೋಸಿಯಸನ ಕೋಪಕ್ಕೆ ಥೆಸಲೋನಿಕದ ಸಾವಿರಾರು ಜನರು ತುತ್ತಾದರು. ಒಮ್ಮೆ ಹೊತ್ತಿದ ದೀಪವು ಎಂದೆಂದಿಗೂ ಉರಿಯುವುದೆಂಬ ನಿಯಮವಿಲ್ಲ. ಎಣ್ಣೆಬತ್ತಿಗಳನ್ನು ನೋಡಿಕೊಳ್ಳುತ್ತಲೇ ಇರಬೇಕು. ವರ್ಷಕ್ಕೊಮ್ಮೆ ವ್ರತಕಾಲವು ಮರಳಿ ಬರುವುದರ ಪ್ರಯೋಜನವಾದರೂ ಇದೇ ಇರಬೇಕು.

ಈಗ ಮೊದಲಿನ ಸಂದೇಹಕ್ಕೆ ಬರೋಣ. ಫ್ಲೇವಿಯನನು ತನ್ನ ಉಪವಾಸವನ್ನು ಯಾರಿಗೂ ತೋರಿಸಲು ಹೋಗಲಿಲ್ಲ. ಆದರೆ ಅವನ ಪ್ರಯಾಣವನ್ನು ಮರೆಮಾಡುವುದೂ ಶಕ್ಯವಿರಲಿಲ್ಲ. ಮರೆಯಲ್ಲಿರಬೇಕಾದುದು ನಮ್ಮ ಕಷ್ಟದ ಲೆಕ್ಕ. ಕಾಣಬೇಕಾದುದು ಪರರಿಗೆ ಒದಗಿದ ಹಿತ. ಜನರು ದೀಪವನ್ನೇ ದಿಟ್ಟಿಸಲೆಂದು ಯಾರೂ ದೀಪವನ್ನು ಹೊತ್ತಿಸುವುದಿಲ್ಲ. ಅದರ ಬೆಳಕಿನಲ್ಲಿ ದಾರಿಯನ್ನು ಕಾಣಲೆಂದು ಹೊತ್ತಿಸುವರು. ಏಕಾದಶಿಯನ್ನಾಗಲಿ ರಂಜಾನನ್ನಾಗಲಿ ಆಚರಿಸುವವರಿಗೂ ಈ ವಿವೇಕವು ಹೊಸದಲ್ಲವೆಂದು ನಾವು ನಂಬಿದ್ದೇವೆ.

ಕ್ಷಮೆಯ ವಾರ್ತೆ ಮುಟ್ಟಿದಾಗ ಅಂತಿಯೋಕ್ಯದವರು ಪೇಟೆಗೆಲ್ಲ ತೋರಣ ಕಟ್ಟಿ ದೀಪಗಳನ್ನು ಹಚ್ಚಿದರು. ಯೋಹಾನನು ಆ ಸಂಭ್ರಮವನ್ನು ಬೇಡವೆನ್ನಲಿಲ್ಲ. ಅದನ್ನು ಜೀವಮಾನವೆಲ್ಲ ನಡೆಸಿರಿ, ಹೂಮಾಲೆಗೆ ಬದಲಾಗಿ ಸದ್ಗುಣವನ್ನು ಧರಿಸಿರಿ, ಸತ್ಕರ್ಮದಿಂದ ಆತ್ಮದಲ್ಲಿ ದೀಪವನ್ನು ಬೆಳಗಿರಿ ಎಂದಷ್ಟೇ ಕೇಳಿಕೊಂಡನು. ಹಬ್ಬ ಮುಗಿದ ಮರುದಿನವೂ ಆ ದೀಪವು ಉರಿಯುತ್ತಿರುವುದಾದರೆ ನಲವತ್ತು ದಿನಗಳ ವ್ರತವು ಸಾರ್ಥಕವಾದಂತೆ.